ಜಿಡ್ಡು ಕೂದಲು: ಎಷ್ಟು ಬಾಚಬೇಕು, ಯಾವಾಗ ತೊಳೆಯಬೇಕು

ಬ್ಯೂಟಿಷಿಯನ್ ಕೋರ್ಸಿನ ನಮ್ಮ ನೋಟ್ಸಿನಲ್ಲಿ ಜಿಡ್ಡು ಕೂದಲಿಗೆ ಸಿಕ್ಕಿರುವುದು ನಾಲ್ಕೇ ಸಾಲು. ಪಾರ್ಲರಿಗೆ ಬರುವ ಕಾಲೇಜು ಹುಡುಗಿಯರು ಮಾತ್ರ ಮತ್ತೆ ಮತ್ತೆ ಕೇಳುವುದು ಇದನ್ನೇ: "ಅಕ್ಕಾ, ನಿನ್ನೆ ತಾನೇ ತಲೆಗೆ ಸ್ನಾನ ಮಾಡಿದೀನಿ, ಇವತ್ತೇ ಅಂಟಂಟು. ಏನ್ ಮಾಡ್ಲಿ?" ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಲು ಮೂರು ವಿಷಯ ಬೇರೆ ಬೇರೆಯಾಗಿ ಗೊತ್ತಿರಬೇಕು. ಜಿಡ್ಡು ಎಲ್ಲಿ ತಯಾರಾಗುತ್ತದೆ, ಅದು ಕೂದಲ ಉದ್ದಕ್ಕೂ ಹೇಗೆ ಹರಡುತ್ತದೆ, ಹೇಗೆ ಹೋಗುತ್ತದೆ. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಉಳಿದ ಎರಡು ಇವೆ. ಬಾಚಣಿಗೆ ಮತ್ತು ಶಾಂಪೂ ಬರುವುದು ಅಲ್ಲೇ.

ಜಿಡ್ಡಿನ ಮೂಲ

ಕೂದಲಿನ ಬುಡಕ್ಕೆ ಅಂಟಿಕೊಂಡು ಪುಟ್ಟ ಎಣ್ಣೆ ಗ್ರಂಥಿಗಳಿರುತ್ತವೆ. ಅವು ಮಾಡುವ ಎಣ್ಣೆಯೇ ಸೀಬಮ್. ಈ ಗ್ರಂಥಿಗಳು ಕೆಲಸ ಮಾಡುವ ರೀತಿ ಬೆವರಿನ ಗ್ರಂಥಿಗಿಂತ ಬೇರೆ. ಇಲ್ಲಿ ಒಳಗಿನ ಜೀವಕೋಶವೇ ಎಣ್ಣೆ ತುಂಬಿಕೊಂಡು, ಕೊನೆಗೆ ಒಡೆದು, ಇಡಿಯಾಗಿ ಸೀಬಮ್ಮಿನಲ್ಲಿ ಸೇರಿಹೋಗುತ್ತದೆ. ವೈವಾದಲ್ಲಿ ಕೇಳಿದರೆ ಇದಕ್ಕೆ ಹೋಲೋಕ್ರೈನ್ ಸ್ರಾವ ಎನ್ನಬೇಕು. ಸೀಬಮ್ಮಿನಲ್ಲಿ ಅರ್ಧಕ್ಕಿಂತ ಜಾಸ್ತಿ ಟ್ರೈಗ್ಲಿಸರೈಡ್ (ಎಣ್ಣೆ, ಕೊಬ್ಬಿನ ಮುಖ್ಯ ಅಂಶ) ಮತ್ತು ಕೊಬ್ಬಿನ ಆಮ್ಲಗಳು, ಸುಮಾರು ಕಾಲು ಭಾಗ ಮೇಣದಂಥ ಎಸ್ಟರ್‌ಗಳು, ಶೇ. 12ರಷ್ಟು ಸ್ಕ್ವಾಲೀನ್ ಎಂಬ ಎಣ್ಣೆಯಂಥ ವಸ್ತು ಇರುತ್ತವೆ. ಇವು ಯಾವುವೂ ನೀರಿನಲ್ಲಿ ಕರಗದ ಕಾರಣ ಬರೀ ನೀರು ಹಾಕಿದರೆ ಜಿಡ್ಡು ಹೋಗುವುದಿಲ್ಲ.

ಎಷ್ಟು ಸೀಬಮ್ ಬರಬೇಕು ಎಂದು ಮುಖ್ಯವಾಗಿ ತೀರ್ಮಾನಿಸುವುದು ಆಂಡ್ರೋಜನ್ ಹಾರ್ಮೋನುಗಳು (ಗಂಡು ಹಾರ್ಮೋನು ಎನ್ನುತ್ತಾರೆ, ಹೆಂಗಸರಲ್ಲೂ ಇರುತ್ತವೆ). ಅದಕ್ಕೇ ಸಣ್ಣ ಮಕ್ಕಳ ತಲೆ ಅಷ್ಟಾಗಿ ಜಿಡ್ಡಾಗುವುದಿಲ್ಲ. ಹರೆಯಕ್ಕೆ ಬಂದ ಕೂಡಲೇ ಮೊಡವೆ ಮತ್ತು ಜಿಡ್ಡು ಒಟ್ಟಿಗೇ ಶುರುವಾಗುತ್ತವೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಎಣ್ಣೆ ಕಮ್ಮಿಯಾಗುತ್ತದೆ.

"ದಿನಾ ತೊಳೆದರೆ ಇನ್ನೂ ಜಾಸ್ತಿ ಬರುತ್ತೆ"

ಇದನ್ನು ಎಲ್ಲರೂ ಹೇಳುತ್ತಾರೆ. ಪಾರ್ಲರಿನವರೂ ಹೇಳುತ್ತಾರೆ. ಎಣ್ಣೆ ತೆಗೆದಷ್ಟೂ ಗ್ರಂಥಿ ಗಾಬರಿಯಾಗಿ ಹೆಚ್ಚು ಸುರಿಸುತ್ತದೆ ಎಂಬ ವಾದ. ಇದು ಸರಿಯಲ್ಲ. ಅಮೆರಿಕದ ಚರ್ಮತಜ್ಞರಾದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ವಾಲ್ಟರ್ ಶೆಲ್ಲಿ 1958ರಲ್ಲೇ ಈ ವಾದವನ್ನು ಪರೀಕ್ಷಿಸಿ ತಳ್ಳಿಹಾಕಿದ್ದಾರೆ. ಚರ್ಮದ ಮೇಲೆ ಎಣ್ಣೆ ಇದೆಯೋ ಇಲ್ಲವೋ ಎಂಬುದು ಒಳಗಿರುವ ಗ್ರಂಥಿಗೆ ಗೊತ್ತಾಗುವುದಿಲ್ಲ. ನೀವು ತೊಳೆದರೂ ಬಿಟ್ಟರೂ ಅದು ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ.

ಹಾಗಾದರೆ ಜನರಿಗೆ ಯಾಕೆ ಹಾಗನ್ನಿಸುತ್ತದೆ? ತೊಳೆದ ಕೂದಲು ಹಗುರವಾಗಿ, ಎಳೆ ಎಳೆ ಬಿಡಿಯಾಗಿ ನಿಲ್ಲುತ್ತದೆ. ಅದರ ಮೇಲೆ ಸ್ವಲ್ಪ ಜಿಡ್ಡು ಬಂದರೂ ಎಳೆಗಳು ಅಂಟಿಕೊಂಡು ಬೈತಲೆ ಅಗಲವಾಗಿ ಕಾಣುತ್ತದೆ. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ ತಲೆಯಲ್ಲಿ ಅಷ್ಟೇ ಸೀಬಮ್ ಬಂದರೂ ಯಾರಿಗೂ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಕಾಣುವುದರಲ್ಲಿ, ಬರುವುದರಲ್ಲಲ್ಲ.

ಈ ಒಂದು ನಂಬಿಕೆ ನಿಜಕ್ಕೂ ತೊಂದರೆ ಕೊಡುತ್ತಿದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಹಾಸ್ಟೆಲಿನ ಹುಡುಗಿಯರು "ತಲೆಗೆ ಅಭ್ಯಾಸ ಆಗ್ಲಿ" ಎಂದು ವಾರಗಟ್ಟಲೆ ತೊಳೆಯದೆ ಇರುತ್ತಾರೆ. ತುರಿಕೆ, ವಾಸನೆ ಎಲ್ಲ ಸಹಿಸಿಕೊಳ್ಳುತ್ತಾರೆ. ನೆತ್ತಿಯ ಮೇಲೆ ಮಲಸೇಜಿಯಾ ಎಂಬ ಯೀಸ್ಟ್ (ಕಣ್ಣಿಗೆ ಕಾಣದ ಒಂದು ಶಿಲೀಂಧ್ರ) ಎಲ್ಲರಿಗೂ ಇರುತ್ತದೆ. ಸೀಬಮ್ಮೇ ಅದಕ್ಕೆ ಆಹಾರ. ಅದು ಟ್ರೈಗ್ಲಿಸರೈಡ್ ಒಡೆದಾಗ ಬರುವ ಓಲೀಕ್ ಆಮ್ಲ ಹಲವರ ಚರ್ಮಕ್ಕೆ ಆಗಿಬರುವುದಿಲ್ಲ. ಅಲ್ಲಿಂದ ಹೊಟ್ಟು ಶುರು. ತೊಳೆಯದೆ ಬಿಟ್ಟಷ್ಟೂ ಯೀಸ್ಟಿಗೆ ಊಟ ಜಾಸ್ತಿ.

ತೆಳ್ಳನೆಯ, ನೇರವಾದ, ಜಿಡ್ಡು ಕೂದಲಿನವರು ದಿನ ಬಿಟ್ಟು ದಿನ ತೊಳೆಯಬಹುದು. ಬೇಕಾದರೆ ಸೌಮ್ಯ ಶಾಂಪೂ ಬಳಸಿ ದಿನಾಲೂ ತೊಳೆಯಬಹುದು. ಗುಂಗುರು ಕೂದಲಿನವರಿಗೆ ವಾರಕ್ಕೆ ಒಂದೆರಡು ಸಲ ಸಾಕಾಗಬಹುದು, ಯಾಕೆಂದರೆ ಸುರುಳಿಯಲ್ಲಿ ಎಣ್ಣೆ ಬೇಗ ಕೆಳಗಿಳಿಯುವುದಿಲ್ಲ.

ಬಾಚುವುದು

ನೂರು ಸಲ ಬ್ರಷ್ ಮಾಡಿದರೆ ಕೂದಲು ಹೊಳೆಯುತ್ತದೆ ಎಂಬ ಮಾತು ಯುರೋಪ್, ಅಮೆರಿಕದ ಹಳೆಯ ಕಾಲದ್ದು. ಅಲ್ಲಿ ಆಗ ತಲೆಸ್ನಾನ ಅಪರೂಪ. ಹಂದಿಗೂದಲಿನ ಬ್ರಷ್ಷಿನಿಂದ ಧೂಳು ತೆಗೆದು, ಬುಡದ ಎಣ್ಣೆಯನ್ನು ತುದಿಗೆ ಒಯ್ಯುವುದೇ ಶುಚಿ ಮಾಡುವ ದಾರಿಯಾಗಿತ್ತು. ಉದ್ದನೆಯ ಒಣ ಕೂದಲಿಗೆ ಅದು ಈಗಲೂ ಒಳ್ಳೆಯದೇ. ಜಿಡ್ಡು ಕೂದಲಿಗೆ ಮಾತ್ರ ಅದೇ ಉಪಾಯ ತಿರುಗುಬಾಣ. ನೆತ್ತಿಯಲ್ಲಿದ್ದ ಎಣ್ಣೆಯನ್ನು ನಾವೇ ಕೈಯಾರೆ ಇಡೀ ತಲೆಗೆ ಬಳಿದ ಹಾಗಾಗುತ್ತದೆ.

ಪ್ರಾಕ್ಟಿಕಲ್‌ನಲ್ಲಿ ಇದನ್ನು ನೋಡಬಹುದು. ತೊಳೆದ ಮರುದಿನ, ಬಾಚುವ ಮೊದಲು, ತೆಳು ಟಿಶ್ಯೂ ಕಾಗದವನ್ನು ಬೈತಲೆಯ ಮೇಲೆ ಒತ್ತಿ ಬೆಳಕಿಗೆ ಹಿಡಿಯಿರಿ. ಎಣ್ಣೆ ತಾಗಿದ ಕಡೆ ಕಾಗದ ಪಾರದರ್ಶಕವಾಗಿರುತ್ತದೆ. ಇನ್ನೊಂದು ಕಾಗದದಿಂದ ಕಿವಿಯ ಕೆಳಗಿನ ಕೂದಲನ್ನು ಒತ್ತಿ ಎಳೆಯಿರಿ. ಜಿಡ್ಡು ಇನ್ನೂ ಕೆಳಗಿಳಿಯದಿದ್ದರೆ ಅದರಲ್ಲಿ ಕಲೆ ಕಾಣುವುದಿಲ್ಲ. ಈಗ ಬುಡದಿಂದ ತುದಿಗೆ ದಟ್ಟ ಬ್ರಷ್ಷಿನಿಂದ ಚೆನ್ನಾಗಿ ಬಾಚಿ, ಅದೇ ಜಾಗವನ್ನು ಹೊಸ ಕಾಗದದಿಂದ ಒತ್ತಿ ನೋಡಿ. ಎಣ್ಣೆ ಎಲ್ಲಿಂದ ಎಲ್ಲಿಗೆ ಬಂತು ಎಂದು ಯಾರೂ ಹೇಳಿಕೊಡಬೇಕಿಲ್ಲ.

ಹಾಗಂತ ಬಾಚದೆ ಇರಲು ಆಗುವುದಿಲ್ಲ ಅಲ್ವಾ? ಅಗಲ ಹಲ್ಲಿನ ಬಾಚಣಿಗೆ ತಗೊಂಡು, ತುದಿಯ ಸಿಕ್ಕು ಮೊದಲು ಬಿಡಿಸಿ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬನ್ನಿ. ನೆತ್ತಿಯನ್ನು ಉಜ್ಜಬೇಡಿ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಸಾಕು. ತೊಳೆಯುವ ಮೊದಲು ಮಾತ್ರ ಧಾರಾಳವಾಗಿ ಬಾಚಿ. ಹೊಟ್ಟು, ಉದುರಿದ ಕೂದಲು ಎಲ್ಲ ಮೇಲೆ ಬರುತ್ತದೆ, ಹೇಗೂ ಮುಂದೆ ಶಾಂಪೂ ಇದೆ. ಒದ್ದೆ ಕೂದಲು ರಬ್ಬರಿನ ಹಾಗೆ ಹಿಗ್ಗುತ್ತದೆ, ಎಳೆದರೆ ಬೇಗ ತುಂಡಾಗುತ್ತದೆ. ಸ್ವಲ್ಪ ಆರಲಿ. ಸುಮ್ನೆ ಕೂತಾಗಲೆಲ್ಲ ಕೂದಲಲ್ಲಿ ಬೆರಳಾಡಿಸುವ ಅಭ್ಯಾಸವೂ ಬಾಚಿದ ಹಾಗೇ. ಅದನ್ನೂ ಬಿಡಬೇಕು.

ಬಾಚಣಿಗೆಯ ಹಲ್ಲುಗಳ ಬುಡದಲ್ಲಿ ಬೂದು ಬಣ್ಣದ ಮೆತ್ತನೆಯ ಕೊಳೆ ಕೂತಿರುತ್ತದೆ, ನೋಡಿದ್ದೀರಾ? ಅದು ಹಳೆಯ ಸೀಬಮ್, ಸತ್ತ ಚರ್ಮ ಮತ್ತು ಧೂಳು. ತೊಳೆದ ತಲೆಗೆ ಅದೇ ಬಾಚಣಿಗೆ ಹಾಕಿದರೆ ಅದೆಲ್ಲ ವಾಪಸ್ ಹೋಗುತ್ತದೆ. ವಾರಕ್ಕೊಮ್ಮೆ ಬೆಚ್ಚಗಿನ ನೀರಿಗೆ ನಾಲ್ಕು ಹನಿ ಶಾಂಪೂ ಹಾಕಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಮರದ್ದಾದರೆ ನೆನೆಸಬೇಡಿ, ಒದ್ದೆ ಬ್ರಷ್ಷಿನಿಂದ ಉಜ್ಜಿ ಒಣಗಿಸಿ.

ತೊಳೆಯುವುದು

ಮೊದಲ ಸಲ ಹಾಕಿದ ಶಾಂಪೂ ಸರಿಯಾಗಿ ನೊರೆ ಬರುವುದಿಲ್ಲ, ಎರಡನೇ ಸಲ ಅಷ್ಟೇ ಹಾಕಿದರೂ ತಲೆ ತುಂಬ ನೊರೆ. ಎಲ್ಲರೂ ನೋಡಿರುವ ಸಂಗತಿ ಇದು. ಶಾಂಪೂವಿನಲ್ಲಿ ಕೊಳೆ ತೆಗೆಯುವ ವಸ್ತುವಾದ ಸರ್ಫ್ಯಾಕ್ಟಂಟ್ ಕಣದ ಒಂದು ತುದಿ ಎಣ್ಣೆಯನ್ನು, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಮೊದಲ ಸಲ ಹೆಚ್ಚಿನ ಕಣಗಳು ಜಿಡ್ಡು ಹಿಡಿಯುವುದರಲ್ಲೇ ಖರ್ಚಾಗುತ್ತವೆ, ನೊರೆ ಕಟ್ಟಲು ಉಳಿಯುವುದಿಲ್ಲ. ಹಾಗಾಗಿ ಜಿಡ್ಡು ಕೂದಲಿಗೆ ಒಂದೇ ಸಲ ತುಂಬಾ ಸುರಿಯುವ ಬದಲು ಕಮ್ಮಿ ಶಾಂಪೂವನ್ನು ಎರಡು ಸಲ ಹಾಕುವುದು ಸರಿ. ಮಗ್ಗಿನಲ್ಲಿ ಸ್ವಲ್ಪ ನೀರಿಗೆ ಕಲಸಿಕೊಂಡು ಹಾಕಿದರೆ ನೆತ್ತಿಗೆಲ್ಲ ಸಮನಾಗಿ ತಲುಪುತ್ತದೆ.

ಶಾಂಪೂ ನೆತ್ತಿಗೆ, ಕಂಡೀಷನರ್ ತುದಿಗೆ. ಇದೊಂದು ಸಾಲನ್ನು ಅಡಿಗೆರೆ ಹಾಕಿ ಬರೆದುಕೊಳ್ಳಿ. ಬೆರಳ ತುದಿಯಿಂದ ತಿಕ್ಕಿ, ಉಗುರಿನಿಂದ ಬೇಡ. ತುದಿಯನ್ನು ಬೇರೆಯಾಗಿ ಉಜ್ಜಬೇಕಿಲ್ಲ, ಇಳಿದು ಹೋಗುವ ನೊರೆಯೇ ಸಾಕು. ಕಂಡೀಷನರ್ ಕಿವಿಯಿಂದ ಕೆಳಗೆ ಮಾತ್ರ. ಕುತ್ತಿಗೆ ಹಿಂಭಾಗ ಮತ್ತು ಕಿವಿಯ ಹಿಂದೆ ಶಾಂಪೂ ಉಳಿದುಬಿಡುತ್ತದೆ, ಅಲ್ಲಿ ಚೆನ್ನಾಗಿ ನೀರು ಹಾಕಿ. ನೀರು ಉಗುರು ಬೆಚ್ಚಗಿದ್ದರೆ ಸಾಕು.

ನೀರಿನ ಗುಣವನ್ನೂ ಕೇಳಿ ತಿಳಿದುಕೊಳ್ಳಬೇಕು. ಕುಡಿಯುವ ನೀರಿನ ಗಡಸುತನ (ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳ ಪ್ರಮಾಣ) ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಗಡಸು ಬೋರ್‌ವೆಲ್ ನೀರಿನಲ್ಲಿ ಸೋಪಿನಿಂದ ತಲೆ ತೊಳೆದರೆ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಅಂಟು ಕೂರುತ್ತದೆ. ಜಿಡ್ಡು ಹೋಗಿಲ್ಲವೆಂದು ಜನ ಮತ್ತೆ ಸೋಪು ಹಚ್ಚುತ್ತಾರೆ! ತಲೆಗೆ ಸೋಪು ಬೇಡ.

ಸೀಗೆಕಾಯಿ, ಅಂಟುವಾಳದ ನೊರೆಗೆ ಕಾರಣ ಸಪೋನಿನ್ ಎಂಬ ಸಸ್ಯದ ಅಂಶ. ಎಣ್ಣೆ ತೆಗೆಯುವ ಕೆಲಸ ಅವೂ ಮಾಡುತ್ತವೆ. ಪುಡಿಯನ್ನು ನುಣ್ಣಗೆ ಜರಡಿ ಹಿಡಿದಿರಬೇಕು, ಕಣ್ಣಿಗೆ ಬೀಳಬಾರದು.

ತಲೆಗೆ ಎಣ್ಣೆ ಹಚ್ಚುವುದನ್ನು ಪೂರ್ತಿ ಬಿಡಿ ಎಂದು ಯಾರಿಗೂ ಹೇಳಬೇಡಿ. ಮನೆಯಲ್ಲಿ ಅಜ್ಜಿ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಕೊಬ್ಬರಿ ಎಣ್ಣೆ ಕೂದಲ ಎಳೆಯ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ತಗ್ಗಿಸುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಸ್ನಾನಕ್ಕೆ ಮೊದಲು ಕೂದಲ ಉದ್ದಕ್ಕೆ ಹಚ್ಚಿ. ಈಗಾಗಲೇ ಎಣ್ಣೆ ತುಂಬಿರುವ ನೆತ್ತಿಗೆ ಬೇಡ, ಹೊಟ್ಟು ಇದ್ದರಂತೂ ಖಂಡಿತ ಬೇಡ.

ಡ್ರೈ ಶಾಂಪೂ ಅಂದರೆ ಹೆಚ್ಚಾಗಿ ಪಿಷ್ಟದ ಪುಡಿ. ಜಿಡ್ಡು ಹೀರಿಕೊಳ್ಳುತ್ತದೆ, ನೆತ್ತಿಯನ್ನು ತೊಳೆಯುವುದಿಲ್ಲ. ಒಂದು ದಿನ ತಳ್ಳಲು ಸರಿ.

ಡಾಕ್ಟರ ಹತ್ತಿರ ಕಳಿಸಬೇಕಾದವರು

ಹಳದಿ ಬಣ್ಣದ ಅಂಟು ಹೊಟ್ಟು, ಕೆಂಪಗಾದ ನೆತ್ತಿ, ಹುಬ್ಬು ಮತ್ತು ಮೂಗಿನ ಪಕ್ಕವೂ ಸಿಪ್ಪೆ ಏಳುತ್ತಿದ್ದರೆ ಅದು ಸೆಬೊರಿಕ್ ಡರ್ಮಟೈಟಿಸ್ ಎಂಬ ಚರ್ಮದ ಉರಿಯೂತ ಇರಬಹುದು. ಇಂಥವರಿಗೆ ಡಾಕ್ಟರು ಹೆಚ್ಚಾಗಿ ಕೀಟೋಕೊನಜೋಲ್ (ಯೀಸ್ಟ್ ತಡೆಯುವ ಔಷಧಿ) ಇರುವ ಶಾಂಪೂ ಬರೆದುಕೊಡುತ್ತಾರೆ. ಅದನ್ನು ಹಚ್ಚಿದ ಕೂಡಲೇ ತೊಳೆಯದೆ 3ರಿಂದ 5 ನಿಮಿಷ ಬಿಡಬೇಕು. ಇನ್ನು, ಜಿಡ್ಡು ಇದ್ದಕ್ಕಿದ್ದಂತೆ ಜಾಸ್ತಿಯಾಗಿ, ಜೊತೆಗೆ ಮುಟ್ಟು ಏರುಪೇರಾಗಿ, ಗಲ್ಲದ ಮೇಲೆ ದಪ್ಪ ಕೂದಲು ಬರುತ್ತಿದ್ದರೆ ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂಬ ಹಾರ್ಮೋನಿನ ತೊಂದರೆ) ಸಾಧ್ಯತೆ ಇದೆ. ಇದನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಎಲ್ಲರೆದುರು ಕೇಳಬೇಡಿ. ಆಮೇಲೆ ಒಬ್ಬರೇ ಇದ್ದಾಗ ಮೆಲ್ಲಗೆ ಹೇಳಿ, ಹೆರಿಗೆ ಮತ್ತು ಸ್ತ್ರೀರೋಗ ತಜ್ಞರಿಗೆ ತೋರಿಸಲು ತಿಳಿಸಿ.