ಓದು ಬರದವರು ರೇಡಿಯೊದಲ್ಲಿ ಮಾತಾಡಬಹುದಾ?

ಪ್ರಶ್ನೆ: ನಮ್ಮ ಮಹಿಳಾ ಸಂಘದವರಿಗೆ ಸಮುದಾಯ ಬಾನುಲಿ, ಅಂದರೆ ಊರವರೇ ತಮ್ಮ ಸುತ್ತಲಿನವರಿಗಾಗಿ ನಡೆಸುವ ರೇಡಿಯೊ, ಶುರು ಮಾಡುವ ಆಸೆಯಿದೆ. ಆದರೆ ಹೆಚ್ಚಿನವರು ಓದಿದವರಲ್ಲ, ಮಾತೂ ಹಳ್ಳಿ ಮಾತು. ಮೈಕ್ ಮುಂದೆ ಕೂರಲು ಹೊರಗಿನವರನ್ನು ಕರೆಸಬೇಕಾ?

ಬೇಡ. ದಯವಿಟ್ಟು ಬೇಡ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ, ಆದರೂ ಇನ್ನೊಮ್ಮೆ ಹೇಳುತ್ತೇನೆ.

ಮೊದಲು ಲೈಸೆನ್ಸ್ ವಿಚಾರ ಮುಗಿಸಿಬಿಡೋಣ. ಕೇಂದ್ರ ಸರ್ಕಾರದ 2002ರ ನೀತಿಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅವಕಾಶವಿತ್ತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಸಂಸ್ಥೆ ನೋಂದಣಿಯಾಗಿ ಮೂರು ವರ್ಷ ಕೆಲಸ ಮಾಡಿರಬೇಕು. ಒಬ್ಬ ವ್ಯಕ್ತಿಗಾಗಲಿ, ರಾಜಕೀಯ ಪಕ್ಷಕ್ಕಾಗಲಿ, ಲಾಭಕ್ಕೆ ನಡೆಯುವ ಕಂಪನಿಗಾಗಲಿ ಕೊಡುವುದಿಲ್ಲ. ಸಾಮಾನ್ಯವಾಗಿ ಸಿಗುವುದು 100 ವ್ಯಾಟ್ ಪ್ರಸಾರ ಶಕ್ತಿ, ಅಂದರೆ ಕೇಳಿಸುವುದು ಸುತ್ತ ಹತ್ತು ಹನ್ನೆರಡು ಕಿಲೋಮೀಟರಿನ ಹಳ್ಳಿಗಳು. ಮಾತಾಡುವವರು ಇಷ್ಟು ಓದಿರಬೇಕು ಅಂತ ಎಲ್ಲೂ ಇಲ್ಲ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯವಾಗಿಯೇ ತಯಾರಾಗಬೇಕು ಅಂತ ಮಾತ್ರ ಇದೆ.

ಆದರೂ "ರೇಡಿಯೊ ಅಂದರೆ ಶುದ್ಧ ಕನ್ನಡ" ಅನ್ನುವ ನಂಬಿಕೆ ಹೋಗುವುದೇ ಇಲ್ಲ. ಆಕಾಶವಾಣಿ ಇಡೀ ರಾಜ್ಯಕ್ಕೆ ಮಾತಾಡಬೇಕು, ಅದಕ್ಕೆ ಎಲ್ಲರಿಗೂ ತಿಳಿಯುವ ಒಂದು ಭಾಷೆ ಬೇಕು. ನೀವು ಮಾತಾಡುವುದು ಪಕ್ಕದೂರಿನ ನಿಮ್ಮ ನಾದಿನಿಗೆ. ಅವಳ ಮುಂದೆ ಪಠ್ಯಪುಸ್ತಕದ ಹಾಗೆ ಮಾತಾಡುತ್ತೀರಾ?

ಒಮ್ಮೆ ಹಗೇವಿನ ಬಗ್ಗೆ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯ ಬಗ್ಗೆ, ಒಬ್ಬ ಅಜ್ಜಿಯ ಮಾತು ರೆಕಾರ್ಡ್ ಮಾಡಲು ಹೋಗಿದ್ದೆ. ಮೈಕ್ ಕಂಡದ್ದೇ ಸೆರಗು ಸರಿಮಾಡಿಕೊಂಡು, "ಎಲ್ಲರಿಗೂ ನಮಸ್ಕಾರ, ನಮ್ಮ ಊರಿನಲ್ಲಿ ರಾಗಿಯನ್ನು ಬೆಳೆಯುತ್ತಾರೆ" ಅಂದರು. ಮುಂದೆ ಮಾತೇ ಹೊರಡಲಿಲ್ಲ. ಮೈಕನ್ನು ಮೊರದ ಪಕ್ಕ ಇಟ್ಟು ನಾನೂ ಅವರ ಜೊತೆ ಕಾಳು ಆರಿಸುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ತಾವಾಗಿಯೇ ಶುರು ಮಾಡಿದರು: "ಹಗೇವು ಬಾಯಿ ತೆಗೆದ ಗಳಿಗೇಲೇ ಇಳೀಬಾರದು ಕಣವ್ವಾ. ಒಳಗಿನ ಗಾಳಿ ಆಳನ್ನೇ ತಿಂದುಬಿಡ್ತದೆ. ಮೊದಲು ದೀಪ ಇಳೇಬಿಡು. ಆರೋಯ್ತಾ, ಇಳೀಬ್ಯಾಡ." ಇದನ್ನೇ "ಭೂಗತ ಕಣಜದಲ್ಲಿ ಆಮ್ಲಜನಕದ ಕೊರತೆ ಉಂಟಾಗುವ ಸಾಧ್ಯತೆಯಿದೆ" ಅಂತ ಒಬ್ಬರು ಇಂಪಾಗಿ ಓದಿದರೆ ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಅಜ್ಜಿಯ ಮಾತು ಕೇಳಿದ ಹುಡುಗ ಹಗೇವಿನ ಬಾಯಲ್ಲಿ ನಿಂತು ದೀಪ ಹುಡುಕುತ್ತಾನೆ.

ಬೀದರಿನ ಗಡಿ ದಾಟಿದರೆ ಜಹೀರಾಬಾದ್ ಹತ್ತಿರ ಮಾಚನೂರು ಸಿಗುತ್ತದೆ. ಅಲ್ಲಿನ ಸಂಘಂ ರೇಡಿಯೊವನ್ನು 2008ರಿಂದ ನಡೆಸುತ್ತಿರುವವರು ದಲಿತ ಮಹಿಳೆಯರು. ಬೀಜ, ಬೇಸಾಯ, ಹಾಡು ಎಲ್ಲವೂ ಅವರ ಸೀಮೆಯ ತೆಲುಗಿನಲ್ಲೇ. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯವರಂತೂ ಲೈಸೆನ್ಸ್ ಸಿಗದಿದ್ದ ಕಾಲದಲ್ಲೇ 'ನಮ್ಮ ಧ್ವನಿ' ಕಟ್ಟಿ, ಟಿವಿ ಕೇಬಲ್ಲಿನ ಮೂಲಕ ಮನೆಮನೆಗೆ ಕಾರ್ಯಕ್ರಮ ಕಳಿಸಿದರು. ಈ ಎರಡೂ ಹೆಸರು ಹೇಳುವಾಗ ನನಗೆ ಇವತ್ತಿಗೂ ಹೆಮ್ಮೆಯಾಗುತ್ತದೆ.

ಸುದ್ದಿ ಓದಬಹುದಾ ಅಂತ ಮುಂದಿನ ಪತ್ರ ಬಂದೇ ಬರುತ್ತದೆ. ನಿಮ್ಮದೇ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಹಾಕಬಹುದು. ಹವಾಮಾನ, ಕರೆಂಟು, ನೀರು, ಕೆಲಸದ ಮಾಹಿತಿಗೆ ಅಡ್ಡಿಯಿಲ್ಲ. ಊರಿನ ಕಷ್ಟವನ್ನು ಊರವರ ಬಾಯಲ್ಲೇ ಕೇಳಿಸಲು ಈ ನಿಯಮ ಕೈ ಕಟ್ಟುತ್ತದೆ. ಇದು ಬದಲಾಗಲೇಬೇಕು ಅನ್ನುವವರಲ್ಲಿ ನಾನೂ ಒಬ್ಬಳು.

ನೀವು ಕೇಳದ ಇನ್ನೊಂದು ವಿಷಯವಿದೆ: ಪ್ರಸಾರವಾದ ಮೇಲೆ ಆ ರೆಕಾರ್ಡಿಂಗ್ ಎಲ್ಲಿ ಹೋಗುತ್ತದೆ? ಎಷ್ಟೋ ಕಡೆ ಜಾಗ ಸಾಲದೆ ಅಳಿಸಿಬಿಡುತ್ತಾರೆ. ಮುಖ್ಯ ಬೆಳೆಯ ನಡುವೆ ಬೇರೆ ಕಾಳು ಬಿತ್ತುವ ಅಕ್ಕಡಿ ಸಾಲಿನಲ್ಲಿ ಯಾವ ಕಾಳಿನ ಪಕ್ಕ ಯಾವುದು ಬರಬೇಕು ಅಂತ ಹಾಡಿನಲ್ಲೇ ಹೇಳಿದ ಹೆಂಗಸಿನ ದನಿಯನ್ನು ಅಳಿಸಿದ ಮೇಲೆ ಮತ್ತೆ ಯಾರ ಹತ್ತಿರ ಹೋಗುತ್ತೀರಿ? ಎರಡು ಹಾರ್ಡ್ ಡಿಸ್ಕ್ ಕೊಳ್ಳಿ, ಎರಡನ್ನೂ ಬೇರೆ ಬೇರೆ ಮನೆಯಲ್ಲಿಡಿ. ಪ್ರತಿ ಕಡತಕ್ಕೂ ಮಾತಾಡಿದವರ ಹೆಸರು, ಊರು, ತಾರೀಕು ಬರೆಯಿರಿ. ಅಜ್ಜಿಯ ಹಗೇವಿನ ಮಾತು ನನ್ನ ಹತ್ತಿರ ಇನ್ನೂ ಇದೆ. ಹಿಂದೆ ಮೊರದ ಸದ್ದೂ ಕೇಳುತ್ತದೆ.