ಕೇಳುವ ಕಿವಿಗಳನ್ನು ಎಣಿಸಿದ ಬಗೆ

ಪತ್ರಿಕೆಯ ಎಷ್ಟು ಪ್ರತಿ ಮಾರಾಟವಾಯಿತೆಂದು ಎಣಿಸಬಹುದು, ಚಿತ್ರಮಂದಿರದಲ್ಲಿ ಹರಿದ ಟಿಕೆಟುಗಳನ್ನೂ ಲೆಕ್ಕ ಹಾಕಬಹುದು. ಆದರೆ ಪ್ರಸಾರ ಗೋಪುರದಿಂದ ಹೊರಟ ರೇಡಿಯೊ ತರಂಗ ತಾನು ಯಾರ ಮನೆ ಹೊಕ್ಕೆನೆಂಬ ಸುದ್ದಿಯನ್ನು ಹೊತ್ತು ಮರಳುವುದಿಲ್ಲ. ಹೀಗಾಗಿ ರೇಡಿಯೊ ರೇಟಿಂಗ್ ಎಂದರೆ ಕೆಲವರನ್ನು ವಿಚಾರಿಸಿ ಎಲ್ಲರ ಬಗ್ಗೆ ಕಟ್ಟಿಕೊಂಡ ಅಂದಾಜು. ಜಾಹೀರಾತಿನ ದರವೂ ಕಾರ್ಯಕ್ರಮಗಳ ಅಳಿವು ಉಳಿವೂ ಈ ಅಂದಾಜನ್ನೇ ನೆಚ್ಚಿಕೊಂಡು ಬಂದಿವೆ. ಅಳೆಯುವ ಸಾಧನ ಬದಲಾದಾಗಲೆಲ್ಲ ‘ಕೇಳುಗ’ ಎಂದರೆ ಯಾರು ಎಂಬುದೂ ಬದಲಾಗಿದೆ, ಪ್ರತಿ ಸಲವೂ ಯಾರೋ ಕೆಲವರು ಲೆಕ್ಕದಿಂದ ಹೊರಗುಳಿದಿದ್ದಾರೆ.

ಆರಂಭದ ದಿನಗಳಲ್ಲಿ ನಿಲಯಗಳು ತಮಗೆ ಬಂದ ಕಾಗದಗಳನ್ನು ಎಣಿಸುತ್ತಿದ್ದವು. ಕಾಗದ ಬರೆಯುವಷ್ಟು ಅಭಿಮಾನ ಅಥವಾ ಸಿಟ್ಟು ಇರುವವರ ಸಂಖ್ಯೆಯಷ್ಟೇ ಅದರಿಂದ ತಿಳಿಯುತ್ತಿತ್ತು. 1930ರಲ್ಲಿ ಅಮೆರಿಕದ ಆರ್ಚಿಬಾಲ್ಡ್ ಕ್ರಾಸ್ಲಿ ಮನೆಗಳಿಗೆ ದೂರವಾಣಿ ಕರೆ ಮಾಡಿಸಿ, ಹಿಂದಿನ ದಿನ ಏನೇನು ಕೇಳಿದಿರಿ ಎಂದು ವಿಚಾರಿಸುವ ಕ್ರಮವನ್ನು ಆರಂಭಿಸಿದರು. ನೆನಪು ಮೋಸ ಮಾಡುತ್ತದೆ, ಹೆಸರುವಾಸಿ ಕಾರ್ಯಕ್ರಮಗಳು ನೆನಪಿನಲ್ಲಿ ಉಳಿದು ಉಳಿದವು ಮರೆಯಾಗುತ್ತವೆ ಎಂಬ ಆಕ್ಷೇಪ ಬೇಗನೆ ಎದ್ದಿತು. 1934ರಲ್ಲಿ ಈ ಕ್ಷೇತ್ರಕ್ಕೆ ಬಂದ ಸಿ.ಇ. ಹೂಪರ್ ಅವರ ಪ್ರಶ್ನೆ ಇನ್ನೂ ಸರಳವಾಗಿತ್ತು: ಕರೆ ಬಂದ ಈ ಕ್ಷಣದಲ್ಲಿ ನೀವು ರೇಡಿಯೊ ಕೇಳುತ್ತಿದ್ದಿರಾ? ನೆನಪಿನ ತೊಡಕು ಇದರಿಂದ ತಪ್ಪಿತು. ಆದರೆ ನಡುರಾತ್ರಿಯಲ್ಲಾಗಲಿ ಬೆಳಗಿನ ಜಾವದಲ್ಲಾಗಲಿ ಯಾರ ಮನೆಗೂ ಕರೆ ಮಾಡುವಂತಿರಲಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಆರ್ಥಿಕ ಕುಸಿತದ ಆ ದಶಕದಲ್ಲಿ ಅಮೆರಿಕದ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ದೂರವಾಣಿಯೇ ಇರಲಿಲ್ಲ. ರೇಡಿಯೊ ಇದ್ದೂ ಫೋನ್ ಇಲ್ಲದ ಬಡ ಕುಟುಂಬ ಎಷ್ಟು ತನ್ಮಯವಾಗಿ ಕೇಳಿದರೂ ಲೆಕ್ಕದ ಮಟ್ಟಿಗೆ ಅದು ಇಲ್ಲದಂತೆಯೇ ಆಯಿತು.

ಜಾಹೀರಾತಿನ ಹಂಗಿಲ್ಲದ ಬಿಬಿಸಿಗೂ ತನ್ನ ಕೇಳುಗರು ಯಾರೆಂದು ತಿಳಿಯಬೇಕಿತ್ತು. 1936ರಲ್ಲಿ ರಾಬರ್ಟ್ ಸಿಲ್ವಿ ಅಲ್ಲಿ ಕೇಳುಗರ ಸಂಶೋಧನೆಯ ಕೆಲಸಕ್ಕೆ ನೇಮಕಗೊಂಡರು. ಯುದ್ಧ ಆರಂಭವಾದ ಮೇಲೆ, 1939ರ ಡಿಸೆಂಬರಿನಿಂದ, ಸಂದರ್ಶಕರು ದಿನವೂ ನೂರಾರು ಜನರನ್ನು ಮುಖತಃ ಕಂಡು ಹಿಂದಿನ ದಿನ ಕೇಳಿದ ಕಾರ್ಯಕ್ರಮಗಳ ವಿವರ ಪಡೆಯತೊಡಗಿದರು. ಮುಖಾಮುಖಿಯಾಗಿ ವಿಚಾರಿಸುವ ಈ ಕ್ರಮಕ್ಕೆ ಖರ್ಚು ಹೆಚ್ಚಾದರೂ ಫೋನ್ ಇಲ್ಲದವರ ಮಾತೂ ದಾಖಲಾಗುತ್ತಿತ್ತು.

ಮನುಷ್ಯರನ್ನು ಕೇಳುವುದನ್ನೇ ಬಿಟ್ಟು ಯಂತ್ರವನ್ನು ನಂಬೋಣ ಎಂಬ ಆಲೋಚನೆಯೂ ಇದೇ ಕಾಲದ್ದು. ಎಂಐಟಿಯ ರಾಬರ್ಟ್ ಎಲ್ಡರ್ ಮತ್ತು ಲೂಯಿಸ್ ವುಡ್ರಫ್ ರೂಪಿಸಿದ ‘ಆಡಿಮೀಟರ್’ ಎಂಬ ಸಾಧನದ ಹಕ್ಕನ್ನು ಮಾರುಕಟ್ಟೆ ಸಂಶೋಧಕ ಆರ್ಥರ್ ನೀಲ್ಸನ್ 1936ರಲ್ಲಿ ಪಡೆದು, 1942ರಲ್ಲಿ ಅದನ್ನು ಆಧರಿಸಿದ ಸೇವೆಯನ್ನು ಆರಂಭಿಸಿದರು. ರೇಡಿಯೊಗೆ ಜೋಡಿಸಿದ ಈ ಪೆಟ್ಟಿಗೆ, ರೇಡಿಯೊ ಯಾವ ಹೊತ್ತಿಗೆ ಚಾಲೂ ಆಯಿತು, ಮುಳ್ಳು ಯಾವ ನಿಲಯದ ಮೇಲೆ ನಿಂತಿತ್ತು ಎಂಬುದನ್ನು ನಿಧಾನವಾಗಿ ಸರಿಯುವ ಸುರುಳಿಯ ಮೇಲೆ ಗುರುತು ಮಾಡುತ್ತಿತ್ತು. ಅದು ಮರೆಯುತ್ತಿರಲಿಲ್ಲ, ಸುಳ್ಳನ್ನೂ ಹೇಳುತ್ತಿರಲಿಲ್ಲ. ಆದರೆ ಕೋಣೆಯಲ್ಲಿ ಯಾರಿದ್ದಾರೆ, ಇದ್ದವರು ಕೇಳುತ್ತಿದ್ದಾರೆಯೇ ಎಂಬುದು ಅದಕ್ಕೆ ಗೊತ್ತಾಗುವಂತಿರಲಿಲ್ಲ. ಟ್ರಾನ್ಸಿಸ್ಟರ್ ಬಂದು ರೇಡಿಯೊ ಮನೆಯ ಮೂಲೆಯನ್ನು ಬಿಟ್ಟು ಕಾರಿಗೂ ಅಂಗಿಯ ಜೇಬಿಗೂ ಹೊರಟಾಗ ಆಡಿಮೀಟರ್ ಅದನ್ನು ಹಿಂಬಾಲಿಸಲಾರದಾಯಿತು. 1963ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ರೇಟಿಂಗ್ ಸಂಸ್ಥೆಗಳನ್ನು ಕರೆಸಿ ಅವುಗಳ ವಿಧಾನಗಳನ್ನು ಬಯಲಿನಲ್ಲಿ ಪ್ರಶ್ನಿಸಿತು. ಮರುವರ್ಷವೇ ಅಳೆಯುವವರನ್ನು ಪರಿಶೀಲಿಸಲು ಉದ್ಯಮದ್ದೇ ಒಂದು ಮಂಡಳಿ ಹುಟ್ಟಿಕೊಂಡಿತು.

ಬಳಿಕ ದಶಕಗಳ ಕಾಲ ಆಳಿದ್ದು ಡೈರಿ. ಆಯ್ದ ವ್ಯಕ್ತಿಗೆ ಒಂದು ವಾರದ ಮಟ್ಟಿಗೆ ಕೈಹೊತ್ತಗೆಯೊಂದನ್ನು ಕೊಡಲಾಗುತ್ತಿತ್ತು. ಕೇಳಲು ಶುರು ಮಾಡಿದ ಸಮಯ, ನಿಲ್ಲಿಸಿದ ಸಮಯ, ನಿಲಯದ ಹೆಸರು, ಮನೆಯಲ್ಲೋ ಕಾರಿನಲ್ಲೋ ಕೆಲಸದ ಜಾಗದಲ್ಲೋ ಎಂಬ ಗುರುತು, ಇಷ್ಟನ್ನು ಅದರಲ್ಲಿ ತುಂಬಿ ಅಂಚೆಗೆ ಹಾಕಬೇಕು. ರೇಡಿಯೊ ಪೆಟ್ಟಿಗೆಯ ಬದಲು ವ್ಯಕ್ತಿಯೇ ಅಳತೆಯ ಘಟಕವಾದದ್ದು ನಿಜವಾದ ಮುನ್ನಡೆ. ಆದರೂ ಆ ಪುಟ ತುಂಬುವ ಗಳಿಗೆಯನ್ನು ನೆನೆಯಬೇಕು. ವಾರದ ಕೊನೆಯ ರಾತ್ರಿ ಒಬ್ಬರು ಪೆನ್ನು ಹಿಡಿದು ಕೂತಿದ್ದಾರೆ, ಮಂಗಳವಾರ ಬೆಳಿಗ್ಗೆ ಏನು ಕೇಳಿದೆನೆಂಬುದು ಸರಿಯಾಗಿ ನೆನಪಿಲ್ಲ, ಆದರೆ ತಮ್ಮ ಮೆಚ್ಚಿನ ನಿಲಯ ಯಾವುದೆಂದು ಚೆನ್ನಾಗಿ ಗೊತ್ತು. ಅದರ ಹೆಸರನ್ನೇ ಬರೆದು ಏಳರಿಂದ ಒಂಬತ್ತು ಗಂಟೆಯವರೆಗೆ ಉದ್ದ ಗೆರೆ ಎಳೆಯುತ್ತಾರೆ. ನಿಲಯಗಳು ತಮ್ಮ ಹೆಸರನ್ನು ಹಾಡು ಹಾಡಿಗೂ ನಡುವೆ ಪದೇ ಪದೇ ಹೇಳುತ್ತಿದ್ದುದಕ್ಕೆ ಈ ಪೆನ್ನೇ ಬಹುಮಟ್ಟಿಗೆ ಕಾರಣ.

ಇಲ್ಲಿ ಲೆಕ್ಕದ ಪರಿಭಾಷೆಯನ್ನು ತಿಳಿದುಕೊಳ್ಳುವುದು ಅಗತ್ಯ. ಒಂದು ಊರಿನಲ್ಲಿ 1000 ಜನರಿದ್ದು, ಅವರಲ್ಲಿ 100 ಮಂದಿ ರೇಡಿಯೊ ಕೇಳುತ್ತಿದ್ದು, ಆ ನೂರರಲ್ಲಿ 20 ಮಂದಿ ಒಂದೇ ನಿಲಯದಲ್ಲಿದ್ದರೆ, ಊರಿನ ಎಲ್ಲ ಜನರ ಲೆಕ್ಕದಲ್ಲಿ ಅದರ ರೇಟಿಂಗ್ 2, ಕೇಳುತ್ತಿದ್ದವರ ಲೆಕ್ಕದಲ್ಲಿ ಅದರ ಪಾಲು ಮಾತ್ರ ಶೇ. 20. ಕಾಲವನ್ನು ಅಳೆಯಲು ಅಮೆರಿಕದಲ್ಲಿ ಗಂಟೆಯನ್ನು ನಾಲ್ಕು ಕಾಲು ಗಂಟೆಗಳಾಗಿ ಭಾಗಿಸಿ, ಒಂದೊಂದರಲ್ಲಿ ಕನಿಷ್ಠ 5 ನಿಮಿಷ ಕೇಳಿದವರಿಗೆ ಆ ಇಡೀ ಕಾಲು ಗಂಟೆಯನ್ನು ಲೆಕ್ಕಕ್ಕೆ ಕೊಡುವ ಪದ್ಧತಿ ಬೇರೂರಿತು. 8.10ರಿಂದ 8.20ರವರೆಗೆ ಕೇಳಿದವರು ಕೇಳಿದ್ದು ಹತ್ತೇ ನಿಮಿಷ, ಆದರೆ ಲೆಕ್ಕದಲ್ಲಿ ಎರಡು ಕಾಲು ಗಂಟೆ. ಕಾಲು ಗಂಟೆಯ ಗಡಿ ದಾಟುವಾಗ ಹಾಡು ನಡೆಯುತ್ತಿರಲಿ, ಜಾಹೀರಾತು ಗಡಿಯಿಂದ ದೂರವಿರಲಿ ಎಂದು ನಿಲಯಗಳು ತಮ್ಮ ಗಂಟೆಯನ್ನು ಹೊಂದಿಸಿಕೊಂಡದ್ದು ಈ ನಿಯಮದಿಂದಲೇ. ಹೀಗೆ ಅಳತೆಗೋಲು ಪ್ರಸಾರದ ಸ್ವರೂಪವನ್ನೂ ತಿದ್ದಿತು.

2001ರಲ್ಲಿ ಸ್ವಿಟ್ಜರ್ಲೆಂಡ್ ನೆನಪನ್ನು ನೆಚ್ಚುವ ದಾರಿ ಬಿಟ್ಟು ಸುತ್ತಲಿನ ಸದ್ದಿನ ತುಣುಕುಗಳನ್ನು ದಾಖಲಿಸಿಕೊಳ್ಳುವ ಕೈಗಡಿಯಾರವನ್ನು ಅಧಿಕೃತ ಅಳತೆಗೆ ಬಳಸಿತು. ಅಮೆರಿಕದ ಆರ್ಬಿಟ್ರಾನ್ ಸಂಸ್ಥೆ ‘ಪಿಪಿಎಂ’ (ಪೋರ್ಟಬಲ್ ಪೀಪಲ್ ಮೀಟರ್) ಎಂಬ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೇಜರಿನಂಥ ಸಾಧನವನ್ನು 2007ರಿಂದ ನಗರ ನಗರಕ್ಕೂ ಹಬ್ಬಿಸಿತು. ನಿಲಯವು ತನ್ನ ಧ್ವನಿಯೊಳಗೆ ಕಿವಿಗೆ ಕೇಳಿಸದ ಸಂಕೇತವೊಂದನ್ನು ಹೆಣೆದು ಕಳಿಸುತ್ತದೆ, ಸಾಧನ ಅದನ್ನು ಗುರುತಿಸಿ ಸಮಯದೊಡನೆ ಬರೆದಿಡುತ್ತದೆ. ಫಲಿತಾಂಶ ಉದ್ಯಮವನ್ನು ಬೆಚ್ಚಿಬೀಳಿಸಿತು: ಜನ ಡೈರಿಯಲ್ಲಿ ಬರೆದುದಕ್ಕಿಂತ ಹೆಚ್ಚು ನಿಲಯಗಳನ್ನು ಮುಟ್ಟುತ್ತಿದ್ದರು, ಒಂದೊಂದರಲ್ಲೂ ಕಡಿಮೆ ಹೊತ್ತು ನಿಲ್ಲುತ್ತಿದ್ದರು. ಕಪ್ಪು ಜನರ ಹಾಗೂ ಸ್ಪ್ಯಾನಿಷ್ ಭಾಷಿಕರ ನಿಲಯಗಳ ರೇಟಿಂಗ್ ತೀವ್ರವಾಗಿ ಕುಸಿದಾಗ, ಮಾದರಿಗೆ ಆಯ್ದವರಲ್ಲಿ ಆ ಸಮುದಾಯಗಳ ಪ್ರಾತಿನಿಧ್ಯ ಸಾಲದೆಂಬ ದೂರು ಎದ್ದಿತು. 2008ರಲ್ಲಿ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ರಾಜ್ಯಗಳು ಮೊಕದ್ದಮೆ ಹೂಡಿದವು, ಮಾದರಿಯನ್ನು ಸರಿಪಡಿಸುವ ಒಪ್ಪಂದದೊಂದಿಗೆ ಅದು ಮರುವರ್ಷ ಮುಗಿಯಿತು. ದೂರವಾಣಿಯಿಲ್ಲದ ಮನೆಗಳಿಗೆ ಎಪ್ಪತ್ತು ವರ್ಷಗಳ ಹಿಂದೆ ಆಗಿದ್ದ ಅನ್ಯಾಯವೇ ಇಲ್ಲಿ ಮರುಕಳಿಸಿತೆಂದು ನನ್ನ ಅನಿಸಿಕೆ.

ಯಂತ್ರದ ಕಿವಿಗೂ ಮಂದವಾಗುವ ಜಾಗಗಳಿದ್ದವು. ತುಂಬು ಸಂಗೀತದಲ್ಲಿ ಸಂಕೇತ ಸುಲಭವಾಗಿ ಅಡಗುತ್ತದೆ, ನಡುನಡುವೆ ಮೌನವಿರುವ ಮಾತಿನಲ್ಲಿ ಅದಕ್ಕೆ ಆಸರೆ ಸಾಲದು. ಸಂಕೇತವನ್ನು ಬಲಪಡಿಸುವ ‘ವೋಲ್ಟೇರ್’ ಎಂಬ ಪೆಟ್ಟಿಗೆಯನ್ನು ಕೆಲವು ನಿಲಯಗಳು ಕೊಂಡು ಜೋಡಿಸಿಕೊಂಡಾಗ ವಿವಾದವೆದ್ದಿತು. ಅಷ್ಟರಲ್ಲಿ ಆರ್ಬಿಟ್ರಾನನ್ನು ಕೊಂಡುಕೊಂಡಿದ್ದ ನೀಲ್ಸನ್ ಸಂಸ್ಥೆ 2015ರಲ್ಲಿ ಸಂಕೇತವನ್ನೇ ಸುಧಾರಿಸಿತು.

ಇಂಟರ್ನೆಟ್ ಮೂಲಕ ಕೇಳುವಾಗ ಸರ್ವರಿಗೆ ಪ್ರತಿ ಸಂಪರ್ಕವೂ ಗೊತ್ತು, ಆದರೆ ಅದೂ ಆಡಿಮೀಟರಿನಂತೆ ಸಾಧನವನ್ನು ಎಣಿಸುತ್ತದೆಯೇ ಹೊರತು ಮನುಷ್ಯನನ್ನಲ್ಲ. ಇತ್ತ 2025ರ ಜನವರಿಯಿಂದ ನೀಲ್ಸನ್, ಪಿಪಿಎಂ ಇರುವ ನಗರಗಳಲ್ಲಿ ಕಾಲು ಗಂಟೆಯ ಲೆಕ್ಕಕ್ಕೆ 5 ನಿಮಿಷದ ಬದಲು 3 ನಿಮಿಷ ಸಾಕೆಂದು ನಿಯಮ ಬದಲಿಸಿತು. ಡಿಸೆಂಬರಿನಲ್ಲಿ ನಾಲ್ಕೇ ನಿಮಿಷ ಕೇಳಿ ನಿಲಯ ಬದಲಿಸಿದವರು ಲೆಕ್ಕಕ್ಕೆ ಸೇರಿರಲಿಲ್ಲ, ಜನವರಿಯಲ್ಲಿ ಅಷ್ಟೇ ಹೊತ್ತು ಕೇಳಿದವರು ಸೇರಿದರು.