ಟ್ರೋಲ್ ರಾಕ್ಷಸನಿಗೆ ಬೆಂಕಿ ಆಗಲ್ಲ ಅಂತ ಆಟಗಾರನಿಗೆ ಯಾರು ಹೇಳಬೇಕು?

ಟೇಬಲ್ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಐವತ್ತು ವರ್ಷದ ಹಳೇ ತಕರಾರು ಒಂದಿದೆ. ಎದುರಿಗೆ ರಾಕ್ಷಸ ಬಂದು ನಿಂತಾಗ ಆಟ ನಡೆಸುವವರು, ಅಂದರೆ ಡಿಎಂ, ಅದರ ಬಗ್ಗೆ ಎಷ್ಟು ಬಾಯಿ ಬಿಡಬೇಕು? ಹೆಸರು ಹೇಳಬೇಕಾ? ಯಾವುದಕ್ಕೆ ಹೆದರುತ್ತದೆ ಅಂತ ಹೇಳಬೇಕಾ? ಇನ್ನೆಷ್ಟು ಪ್ರಾಣ ಉಳಿದಿದೆ ಅಂತ?

ಮುಂಬೈಯಲ್ಲಿ ಡೊಂಬಿವ್ಲಿ, ಮಾಟುಂಗಾ, ಗೋರೆಗಾಂವ್ ಕಡೆಯಿಂದ ಬಂದು ಸೇರುವ ನಮ್ಮ ಕನ್ನಡದ ಗುಂಪಿನಲ್ಲೂ ಇದೇ ಚರ್ಚೆ. ಒಬ್ಬರು ಹಳೇ ಪುಸ್ತಕ ಓದಿ ಬಂದವರು. ಇನ್ನೊಬ್ಬರು ಯೂಟ್ಯೂಬ್ ನೋಡಿ ಕಲಿತವರು. ಮತ್ತೊಬ್ಬರು ಪಾತ್‌ಫೈಂಡರ್ ಅನ್ನೋ ಆಟ ಬಿಟ್ಟು ಬೇರೆ ಆಡದವರು. ಎಲ್ಲರ ಮಾತೂ ಸರಿ ಅನ್ನಿಸುತ್ತದೆ, ಆದರೂ ಒಂದಕ್ಕೊಂದು ಹೊಂದಲ್ಲ. ಯಾಕೆಂದರೆ ಒಬ್ಬೊಬ್ಬರೂ ಒಂದೊಂದು ಕಾಲದ ನಿಯಮ ಹಿಡಿದುಕೊಂಡು ಮಾತಾಡುತ್ತಿದ್ದಾರೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಅನ್ನೋ ಇಂಥ ಆಟ 1974ರಲ್ಲಿ ಅಮೆರಿಕದಲ್ಲಿ ಹೊರಬಂತು. 1977ರಲ್ಲಿ ರಾಕ್ಷಸರಿಗೇ ಒಂದು ದಪ್ಪ ರಟ್ಟಿನ ಪುಸ್ತಕ ಬಂತು, ಮಾನ್‌ಸ್ಟರ್ ಮ್ಯಾನುಯಲ್. 1979ರಲ್ಲಿ ಡಿಎಂಗಳಿಗೆ ಅಂತಲೇ ಇನ್ನೊಂದು. ಆಟಗಾರರು ಈ ಪುಸ್ತಕ ಇಟ್ಟುಕೊಂಡಿದ್ದು ಕಂಡರೆ ಅವರು ಗೌರವದ ಸಾವಿಗೂ ಅರ್ಹರಲ್ಲ ಅಂತ ಅದರ ಮುನ್ನುಡಿಯಲ್ಲೇ ಗೈಗ್ಯಾಕ್ಸ್ ಬರೆದಿದ್ದರು. ಹೊಡೆತ ತಾಗಲು ದಾಳದಲ್ಲಿ ಎಷ್ಟು ಬೀಳಬೇಕು ಅನ್ನುವ ಕೋಷ್ಟಕ ಕೂಡ ಆ ಪುಸ್ತಕದಲ್ಲೇ ಇತ್ತು. ಆಟಗಾರ ದಾಳ ಹಾಕಬೇಕು, ತಾಗಿತೋ ಇಲ್ಲವೋ ಅಂತ ಡಿಎಂ ಹೇಳಬೇಕು. ಅಷ್ಟೇ.

ಈ ಗುಟ್ಟು ಉಳಿಯೋದು ಕಷ್ಟವಿತ್ತು. ಇವತ್ತಿನ ಆಟಗಾರ ನಾಳೆ ತಾನೇ ಡಿಎಂ ಆಗುತ್ತಾನೆ, ಪುಸ್ತಕ ಓದುತ್ತಾನೆ. ಟ್ರೋಲ್ ಅನ್ನೋ ರಾಕ್ಷಸನನ್ನೇ ನೋಡಿ. ಕಡಿದರೂ ಅದರ ಗಾಯ ತಾನಾಗಿ ಮುಚ್ಚಿಕೊಳ್ಳುತ್ತದೆ. ಬೆಂಕಿ ಅಥವಾ ಆಸಿಡ್ ತಾಗಿದರೆ ಮಾತ್ರ ಮುಚ್ಚಲ್ಲ. ಒಮ್ಮೆ ಇದು ಗೊತ್ತಾದ ಆಟಗಾರ ಮುಂದಿನ ಸಲ ಏನು ಮಾಡಬೇಕು? ಗೊತ್ತಿಲ್ಲದವನ ಹಾಗೆ ನಟಿಸುತ್ತಾ ನಾಲ್ಕು ಸುತ್ತು ಕತ್ತಿ ಬೀಸಬೇಕಾ? ನೇರವಾಗಿ ಪಂಜು ಹಚ್ಚಿದರೆ ಅದು ಮೆಟಾಗೇಮಿಂಗ್, ಅಂದರೆ ಪಾತ್ರಕ್ಕೆ ಗೊತ್ತಿಲ್ಲದ್ದನ್ನು ಆಟಗಾರ ಬಳಸಿದ ತಪ್ಪು. ಎಷ್ಟೋ ಗುಂಪುಗಳಲ್ಲಿ ಮನಸ್ತಾಪ ಆಗಿದ್ದು ಇಲ್ಲೇ.

1981ರ ಕಾಲ್ ಆಫ್ ಕತುಲು ಬೇರೆ ದಾರಿ ಹಿಡಿಯಿತು. ಅದು ಭಯದ ಆಟ. ಕಂಡದ್ದು ಏನು ಅಂತ ಅರ್ಥವಾಗದೇ ಇರುವುದೇ ಅದರ ಜೀವ. ಅಲ್ಲಿ ಕಡಿಮೆ ಹೇಳಿದಷ್ಟೂ ಒಳ್ಳೇದು, ಇದರಲ್ಲಿ ನನಗೂ ಎರಡು ಮಾತಿಲ್ಲ.

ಗೊಂದಲ ಜಾಸ್ತಿಯಾಗಿದ್ದು 2000ದ ನಂತರ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ ಮೂರನೇ ಆವೃತ್ತಿ ಬಂತು, 2003ರಲ್ಲಿ ಅದರ ತಿದ್ದಿದ ರೂಪವೂ ಬಂತು. ನಿಯಮಗಳ ದೊಡ್ಡ ಭಾಗ, ರಾಕ್ಷಸರ ವಿವರವೂ ಸೇರಿ, ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಪುಕ್ಕಟೆ ಸಿಕ್ಕಿತು. ಗುಟ್ಟು ಅನ್ನೋದೇ ಉಳಿಯಲಿಲ್ಲ. ಹಾಗಾಗಿ ಆಟಗಾರನಿಗೆ ಎಷ್ಟು ಗೊತ್ತು ಅನ್ನೋದನ್ನು ಬಿಟ್ಟು, ಪಾತ್ರಕ್ಕೆ ಎಷ್ಟು ಗೊತ್ತು ಅಂತ ದಾಳದಲ್ಲೇ ತೀರ್ಮಾನಿಸುವ ನಿಯಮ ಬಂತು. 2003ರ ಲೆಕ್ಕ ಸರಳ: ರಾಕ್ಷಸನ ಹಿಟ್ ಡೈಸ್‌ಗೆ, ಅಂದರೆ ಅದು ಎಷ್ಟು ಬಲಶಾಲಿ ಅನ್ನೋ ಅಂಕಿಗೆ, 10 ಸೇರಿಸಿ. ದಾಳದಲ್ಲಿ ಬಿದ್ದದ್ದು ಮತ್ತು ಅಂಥ ರಾಕ್ಷಸರ ಬಗ್ಗೆ ನಿಮ್ಮ ಪಾತ್ರ ಕಲಿತ ವಿದ್ಯೆಯ ಅಂಕಿ ಸೇರಿ ಅಷ್ಟಾದರೆ ಉಪಯೋಗದ ಒಂದು ಸಂಗತಿ ನೆನಪಾಗುತ್ತದೆ. ಅದರ ಮೇಲೆ ಪ್ರತಿ 5ಕ್ಕೆ ಇನ್ನೊಂದು.

ಕಾಗದದ ಮೇಲೆ ಚೆನ್ನಾಗಿದೆ. ಆಡಲು ಕೂತಾಗ ನೋಡಿ. ಟ್ರೋಲ್‌ಗೆ 6 ಹಿಟ್ ಡೈಸ್, ಆದ್ದರಿಂದ 16 ಬೇಕು. ಕೆಂಪು ಡ್ರ್ಯಾಗನ್ ಮರಿಗೆ 7, ಅಂದರೆ 17. ಅದೇ ಡ್ರ್ಯಾಗನ್ ಬೆಳೆದು ಬೆಟ್ಟದಷ್ಟಾಗಿ, ಊರೂರು ಸುಟ್ಟು, ಎಲ್ಲರ ಬಾಯಲ್ಲಿ ಹೆಸರಾದ ಮೇಲೆ ಅದಕ್ಕೆ 40 ಹಿಟ್ ಡೈಸ್. ಈಗ ಅದನ್ನು ಗುರುತಿಸಲು 50 ಬೇಕು! ಹೆಸರು ದೊಡ್ಡದಾದಷ್ಟೂ ಜನಕ್ಕೆ ಗೊತ್ತಿರೋದು ಕಡಿಮೆ ಅಂತಾಯಿತು. ಆ ವಿದ್ಯೆ ಕಲಿಯದ ಪಾತ್ರಕ್ಕಂತೂ 10ಕ್ಕಿಂತ ಹೆಚ್ಚು ಬೇಕಾದ ಯಾವ ಪ್ರಶ್ನೆಗೂ ಉತ್ತರ ಸಿಗಲ್ಲ. ಟ್ರೋಲ್ ಕಾಟದ ಕಾಡಿನ ಅಂಚಿನಲ್ಲೇ ಹುಟ್ಟಿ ಬೆಳೆದ ಕುರುಬನಿಗೂ ಬೆಂಕಿಯ ವಿಷಯ ಗೊತ್ತಿರಕೂಡದು.

ಇನ್ನೂ ದೊಡ್ಡ ತೊಂದರೆ ದಾಳ ಕೈಕೊಟ್ಟಾಗ. ಡಿಎಂ "ಏನೂ ನೆನಪಾಗಲ್ಲ" ಅನ್ನುತ್ತಾರೆ. ಆಟಗಾರ ಮತ್ತೆ ಕತ್ತಿ ಬೀಸುತ್ತಾನೆ. ಯೋಚನೆ ಮಾಡಲು ಕೈಯಲ್ಲಿ ಏನೂ ಇಲ್ಲದಿದ್ದರೆ ಉಳಿಯೋದು ಬರೀ ಅದೃಷ್ಟ. ಕಲ್ಯಾಣ್ ಕಡೆಯ ಕೊನೆಯ ಲೋಕಲ್ ಹಿಡಿಯಬೇಕಾದವರು ಭಾನುವಾರ ಸಂಜೆಯ ಮೂರು ತಾಸನ್ನು ಹೀಗೆ ಕಳೆದರೆ ಬೇಜಾರಾಗುತ್ತೆ ಅಲ್ವಾ?

ಆಮೇಲಿನ ಕಥೆ ಅಲ್ಲಾಡುತ್ತಲೇ ಇದೆ. 2008ರ ನಾಲ್ಕನೇ ಆವೃತ್ತಿಯಲ್ಲಿ ರಾಕ್ಷಸನ ಪ್ರಾಣ ಅರ್ಧಕ್ಕಿಳಿದರೆ ಅದು 'ಬ್ಲಡೀಡ್', ಎಲ್ಲರಿಗೂ ಗೊತ್ತಾಗುತ್ತಿತ್ತು. 2014ರ ಐದನೇ ಆವೃತ್ತಿ ಆ ನಿಯಮ ಕೈಬಿಟ್ಟಿತು. 2024ರಲ್ಲಿ ಅದು ವಾಪಸ್ ಬಂತು. ಪಾತ್‌ಫೈಂಡರ್‌ನ 2019ರ ಎರಡನೇ ಆವೃತ್ತಿಯಲ್ಲಿ ನೆನಪಿನ ದಾಳವನ್ನು ಡಿಎಂ ಗುಟ್ಟಾಗಿ ಹಾಕುತ್ತಾರೆ, ತೀರಾ ಕೆಟ್ಟದಾಗಿ ಬಿದ್ದರೆ ಸುಳ್ಳನ್ನೇ ಹೇಳುತ್ತಾರೆ. 2023ರ ಪರಿಷ್ಕರಣೆಯಲ್ಲಿ ಆಟಗಾರ ತನಗೆ ಬೇಕಾದ ಪ್ರಶ್ನೆ ಕೇಳಬಹುದು ಅಂತ ಸ್ಪಷ್ಟವಾಯಿತು. 2012ರ ಡಂಜನ್ ವರ್ಲ್ಡ್ ಅನ್ನೋ ಇನ್ನೊಂದು ಆಟದ ಉಪಾಯ ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು. ಡಿಎಂ ಸಂಗತಿ ಹೇಳಿ, "ಇದು ನಿನಗೆ ಹೇಗೆ ಗೊತ್ತು?" ಅಂತ ಆಟಗಾರನನ್ನೇ ಕೇಳಬಹುದು. ಗೊತ್ತಿರೋದು ತಪ್ಪಲ್ಲ, ಅದಕ್ಕೊಂದು ಕಥೆ ಇರಬೇಕು.

ನಮ್ಮ ಪುರಾಣಗಳನ್ನು ಕೇಳಿ ಬೆಳೆದವರಿಗೆ ಇದು ಹೊಸದೇನೂ ಅಲ್ಲ. ಹಿರಣ್ಯಕಶಿಪುವಿನ ವರ ಏನು ಅಂತ ಮೊದಲೇ ಹೇಳಿಬಿಡುತ್ತಾರೆ. ಒಳಗೂ ಅಲ್ಲ, ಹೊರಗೂ ಅಲ್ಲ, ಹಗಲೂ ಅಲ್ಲ, ರಾತ್ರಿಯೂ ಅಲ್ಲ. ಹಾಗಾದರೆ ಸಾಯೋದು ಹೇಗೆ ಅಂತ ಕೇಳುವವರು ತುದಿಗಾಲಲ್ಲಿ ನಿಲ್ಲುತ್ತಾರೆ.

ಡೊಂಬಿವ್ಲಿಯ ಒಂದು ಫ್ಲ್ಯಾಟಿನಲ್ಲಿ ನಮ್ಮ ಡಿಎಂ ಒಮ್ಮೆ ರಕ್ತಬೀಜನನ್ನೇ ಆಟಕ್ಕೆ ತಂದರು. ಅವರ ಮನೆಯವರು ಮೂಲತಃ ಉಡುಪಿ ಕಡೆಯವರು. ಗುಂಪಿನ ಎಲ್ಲರಿಗೂ ಕಥೆ ಗೊತ್ತು. ಅದಕ್ಕೇ ಅವರು ಮುಚ್ಚಿಡಲು ಹೋಗಲಿಲ್ಲ. ಹಳ್ಳಿಯ ಮುದುಕಿಯ ಬಾಯಲ್ಲಿ ಮೊದಲೇ ಹೇಳಿಸಿದರು: ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಅಂಥವನೇ ಇನ್ನೊಬ್ಬ ಏಳುತ್ತಾನೆ. ಆಮೇಲೆ ಟೇಬಲ್ ಸುತ್ತ ನಡೆದ ಮಾತು ನೋಡಬೇಕಿತ್ತು.

"ಗದೆಯಲ್ಲಿ ಹೊಡೆದರೆ ರಕ್ತ ಬರಲ್ಲ ಅಲ್ವಾ ಅಕ್ಕ?"

"ಮೂಗಿಗೆ ಬಿದ್ದರೆ ಬರುತ್ತೆ."

"ಅವನನ್ನು ಹೊಳೆಗೆ ಎಳೆಯೋಣ ಮಾರಾಯ. ಹನಿ ನೆಲಕ್ಕೆ ಬೀಳಲ್ಲ."

"ಹೊಳೆಯ ತಳ ನೆಲ ಅಲ್ವಾ?"

ಹಡಗಿನ ಪಟ ಹಾಸಿದರು, ಮಂಜಿನ ಮಂತ್ರ ಹಾಕಿ ಗಾಯ ಹೆಪ್ಪುಗಟ್ಟಿಸಿದರು, ಆದರೂ ಇಬ್ಬರು ರಕ್ತಬೀಜರು ಹೆಚ್ಚಾದರು. ಗುಣ ತಿಳಿಸಿದ್ದಕ್ಕೆ ಹೋರಾಟ ಸುಲಭವಾಗಲಿಲ್ಲ. ಮೆಟಾಗೇಮಿಂಗ್ ಅನ್ನೋ ಮಾತು ಯಾರ ಬಾಯಲ್ಲೂ ಬರಲಿಲ್ಲ. ಅವನ ಜೊತೆ ಎಷ್ಟು ಸೈನ್ಯ ಇದೆ, ಅವನಿಗೆ ಏನು ಬೇಕು ಅನ್ನೋದನ್ನು ಮಾತ್ರ ಡಿಎಂ ಮುಚ್ಚಿಟ್ಟಿದ್ದರು.

ಎಲ್ಲ ರಾಕ್ಷಸರಿಗೂ ಇದು ಒಗ್ಗಲ್ಲ ನಿಜ. ಪೆಟ್ಟಿಗೆಯ ಹಾಗೆ ಕಾಣುವ ಮಿಮಿಕ್ ಅನ್ನು ಮೊದಲೇ ಹೇಳಿಬಿಟ್ಟರೆ ಏನೂ ಉಳಿಯಲ್ಲ. ಅಲ್ಲೂ ಧೂಳಿಲ್ಲದ ಪೆಟ್ಟಿಗೆ, ಪಕ್ಕದಲ್ಲೊಂದು ಒಂಟಿ ಚಪ್ಪಲಿ ಅಂತ ಸುಳಿವು ಕೊಟ್ಟರೆ ಸತ್ತವನಿಗೂ ಮೋಸ ಹೋದೆ ಅನ್ನಿಸಲ್ಲ.

ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ 2024ರ ನಿಯಮದಲ್ಲಿ 'ಸ್ಟಡಿ', ಅಂದರೆ ಗೊತ್ತಿರೋದನ್ನು ನೆನಪಿಸಿಕೊಳ್ಳುವ ಕ್ರಿಯೆ ಇದೆ. ಯಾವ ಜಾತಿಯ ರಾಕ್ಷಸನಿಗೆ ಯಾವ ವಿದ್ಯೆ ಅಂತ ಪಟ್ಟಿ ಕೊಟ್ಟಿದ್ದಾರೆ. ಎಷ್ಟು ಹೇಳಬೇಕು ಅನ್ನೋದು ಮತ್ತೆ ಡಿಎಂ ಕೈಗೇ ಬಂದಿದೆ. ನಮ್ಮಲ್ಲಿ ಹೆಸರು, ನೋಟ, ಊರಿನವರಿಗೆ ಗೊತ್ತಿರುವ ಗುಣ ಇವಕ್ಕೆ ಈಗ ದಾಳ ಹಾಕಿಸಲ್ಲ. ಹಿಟ್ ಪಾಯಿಂಟ್‌ನ, ಅಂದರೆ ಉಳಿದಿರುವ ಪ್ರಾಣದ ಅಂಕಿ ಹೇಳಬೇಕಾ ಅನ್ನೋದು ಮಾತ್ರ ಇನ್ನೂ ಬಗೆಹರಿದಿಲ್ಲ. ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಆಡಿ, ರಾಕ್ಷಸನ ತಲೆಯ ಮೇಲಿನ ಹಸಿರು ಪಟ್ಟಿ ಇಳಿಯೋದನ್ನು ನೋಡಿ ಅಭ್ಯಾಸವಾದವರು ಬೇಕೇ ಬೇಕು ಅನ್ನುತ್ತಾರೆ. "ಕಾಲು ಎಳೆಯುತ್ತಿದ್ದಾನೆ, ಉಸಿರು ಮೇಲುಮೇಲಕ್ಕೆ ಬರುತ್ತಿದೆ" ಅಂದರೆ ಸಾಕು ಅಂತ ಉಳಿದವರು. ನಾನು ಈ ಎರಡನೆಯವರ ಕಡೆ.